ಪದಕ್ಕೆ ಮುನ್ನಿನ ಧ್ವನಿ

ಗೀತವನ್ನು ಕೇಳುವ ಮನುಷ್ಯನು ಮೊದಲು ಅರಸುವುದು ಅದರ ಅರ್ಥವನ್ನು. ಮಾತು ತಿಳಿಯಿತೆಂದರೆ ಹಾಡೇ ತಿಳಿಯಿತೆಂಬುದು ಲೋಕರೂಢಿಯ ನಂಬಿಕೆ. ಈ ನಂಬಿಕೆಯನ್ನು ಮರಳಿ ಪರಿಶೀಲಿಸುವಂತೆ ಮಾಡುವ ಕೃತಿಯೊಂದು 1995ರಲ್ಲಿ ಹೊರಬಂದಿತು. ಅದು ಆಸ್ಟ್ರೇಲಿಯಾದ ಗಾಯಕಿ ಲೀಸಾ ಜೆರಾರ್ಡ್ ಅವರ ಪ್ರಥಮ ಏಕವ್ಯಕ್ತಿ ಆಲ್ಬಮ್ ‘ದಿ ಮಿರರ್ ಪೂಲ್’. ಕನ್ನಡಿಯಂತಹ ನಿಶ್ಚಲ ಕೊಳ ಎಂಬುದು ಆ ಹೆಸರಿನ ಭಾವ.

ಜೆರಾರ್ಡ್ ಅವರು 1961ರಲ್ಲಿ ಮೆಲ್ಬರ್ನ್ ನಗರದಲ್ಲಿ ಜನಿಸಿದರು. ತಂದೆ ತಾಯಿಗಳು ಐರ್ಲೆಂಡಿನಿಂದ ಬಂದು ನೆಲೆಸಿದವರು. ಅವರು ಬೆಳೆದ ಪ್ರಾಹ್ರಾನ್ ಬಡಾವಣೆ ಗ್ರೀಕರು, ತುರ್ಕರು, ಇಟಲಿಯವರು ಮೊದಲಾದ ವಲಸಿಗರ ನೆಲೆಯಾಗಿತ್ತು. ಅರ್ಥವಾಗದ ಭಾಷೆಗಳ ಸ್ವರಗಳು ಮನೆಮನೆಯಿಂದ ಕೇಳಿಬರುತ್ತಿದ್ದ ಆ ಬೀದಿಗಳಲ್ಲಿ, ಸುಮಾರು 12ರ ವಯಸ್ಸಿನಲ್ಲಿಯೇ ತಾವೇ ಕಂಡುಕೊಂಡ ನುಡಿಯಲ್ಲಿ ಹಾಡತೊಡಗಿದುದಾಗಿ ಅವರು ಹೇಳಿಕೊಂಡಿದ್ದಾರೆ. ಆ ನುಡಿಗೆ ನಿಘಂಟಿಲ್ಲ, ವ್ಯಾಕರಣವಿಲ್ಲ. 1981ರಲ್ಲಿ ಬ್ರೆಂಡನ್ ಪೆರಿ ಅವರೊಡನೆ ಕಟ್ಟಿದ ‘ಡೆಡ್ ಕ್ಯಾನ್ ಡ್ಯಾನ್ಸ್’ ತಂಡದಲ್ಲಿಯೂ ಅವರ ಬಹುಪಾಲು ಗಾಯನ ಇದೇ ಬಗೆಯದು.

ತಂಡದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿರುತ್ತಾರೆ. ಏಕಾಕಿಯಾಗಿ ನಿಂತಾಗ ಆ ಆಸರೆ ತಪ್ಪುತ್ತದೆ. ಈ ಆಲ್ಬಮ್ಮಿನಲ್ಲಿ ವಿಕ್ಟೋರಿಯನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ಗಾಯಕಿಯ ಜೊತೆಗಿದೆ. ಇಷ್ಟು ವಾದ್ಯಗಳ ನಡುವೆ ಒಂದು ಕಂಠವು ಮುಳುಗಿಹೋಗುವುದು ಸುಲಭ. ಇಲ್ಲಿ ಹಾಗಾಗಿಲ್ಲ. ‘ಸಾನ್ವೀನ್’ ಎಂಬ ಗೀತವನ್ನು ಆಲಿಸಿದವರಿಗೆ ಇದು ಮನವರಿಕೆಯಾಗುತ್ತದೆ. ತಂತಿವಾದ್ಯಗಳು ಕೆಳಗೆ ನೆಲವಾಗಿ ಹರಡಿಕೊಳ್ಳುತ್ತವೆ. ಕಂಠವು ಅವಸರವಿಲ್ಲದೆ ಅದರ ಮೇಲೆ ಎದ್ದು ನಿಲ್ಲುತ್ತದೆ. ಬೆಡಗಿನ ಪ್ರದರ್ಶನಕ್ಕೆ ಅಲ್ಲಿ ಎಡೆಯಿಲ್ಲ.

ಆದರೆ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. ಅರ್ಥವಿಲ್ಲದ ನುಡಿಗೆ ಹೊಣೆಯೂ ಇಲ್ಲವಷ್ಟೆ? ಆಡಿದ ಮಾತಿಗೆ ನಡೆಯ ಸಾಕ್ಷಿಯನ್ನು ಕೇಳಬಹುದು. ಮಾತೇ ಅಲ್ಲದುದಕ್ಕೆ ಯಾವ ಸಾಕ್ಷಿಯನ್ನು ಕೇಳುವುದು? ಆಕ್ಷೇಪವು ಹಗುರವಾದುದಲ್ಲ. ಅದಕ್ಕೆ ಉತ್ತರವೂ ಇದೇ ಆಲ್ಬಮ್ಮಿನ ನಡುಭಾಗದಲ್ಲಿದೆ.

ಅಲ್ಲಿ ಹ್ಯಾಂಡಲ್ ಮಹಾಶಯನ ‘ಲಾರ್ಗೊ’ ಎಂಬ ಪ್ರಸಿದ್ಧ ಗೀತವಿದೆ. ಇದು 1738ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ‘ಸೆರ್ಸೆ’ ಎಂಬ ಇಟಾಲಿಯನ್ ಗೀತನಾಟಕದ ಮೊದಲ ಹಾಡು. ಆ ನಾಟಕವು ಅಂದು ಐದೇ ಪ್ರದರ್ಶನಗಳಿಗೆ ನಿಂತುಹೋಯಿತು. ಹಾಡು ಮಾತ್ರ ಉಳಿಯಿತು. ಮೂಲದಲ್ಲಿ ಅದರ ವಿಷಯವೇನು? ಪರ್ಷಿಯಾದ ಅರಸನೊಬ್ಬನು ಒಂದು ಮರದ ನೆರಳನ್ನು ಹೊಗಳುವುದು, ಅಷ್ಟೆ. ಆದರೂ ತಲೆಮಾರುಗಳಿಂದ ಪಾಶ್ಚಾತ್ಯರು ಅದನ್ನು ಮದುವೆಗಳಲ್ಲಿಯೂ ಶವಸಂಸ್ಕಾರಗಳಲ್ಲಿಯೂ ಪ್ರಾರ್ಥನೆಯಂತೆ ಕೇಳುತ್ತ ಬಂದಿದ್ದಾರೆ. ಪದವು ಹೇಳಿದ್ದು ನೆರಳನ್ನು, ನಾದವು ಮುಟ್ಟಿಸಿದ್ದು ಶಾಂತಿಯನ್ನು. ಹಾಗಾದರೆ ಹಾಡಿನ ಹೊಣೆಯು ಪದದಲ್ಲಿ ಮಾತ್ರವಿಲ್ಲ. ಸ್ವರದ ಶುದ್ಧಿಯಲ್ಲಿ, ಉಸಿರಿನ ನಿಯಮದಲ್ಲಿ, ತಡೆದು ನಿಲ್ಲುವ ಸಂಯಮದಲ್ಲಿಯೂ ಇದೆ. ಆಲಾಪವನ್ನೂ ತರಾನಾವನ್ನೂ ಕೇಳಿ ಬಲ್ಲ ಕಿವಿಗೆ ಈ ಮಾತು ಹೊಸದಾಗಲಾರದು. ಅಲ್ಲಿಯೂ ಶಬ್ದಾರ್ಥವಿಲ್ಲ, ಆದರೆ ಅಪಸ್ವರಕ್ಕೆ ಕ್ಷಮೆಯೂ ಇಲ್ಲ.

ಅಪಾಯವಿರುವುದು ಬೇರೆಡೆ. ಅದೇ 1995ರಲ್ಲಿ ಮೈಕೇಲ್ ಮ್ಯಾನ್ ಅವರು ತಮ್ಮ ‘ಹೀಟ್’ ಚಲನಚಿತ್ರಕ್ಕೆ ಈ ಆಲ್ಬಮ್ಮಿನ ಗೀತಗಳನ್ನು ಬಳಸಿಕೊಂಡರು. 2000ದಲ್ಲಿ ‘ಗ್ಲ್ಯಾಡಿಯೇಟರ್’ ಚಿತ್ರಕ್ಕೆ ಹಾನ್ಸ್ ಜಿಮ್ಮರ್ ಅವರೊಡನೆ ಸಂಗೀತ ರಚಿಸಿದ ಮೇಲೆ ಜೆರಾರ್ಡ್ ಅವರ ಕಂಠವು ಲೋಕವಿಖ್ಯಾತವಾಯಿತು. ತರುವಾಯ ತೆರೆಯ ಮೇಲೆ ದುಃಖದ ದೃಶ್ಯ ಬಂದಾಗಲೆಲ್ಲ ಪದವಿಲ್ಲದ ಸ್ತ್ರೀಕಂಠವೊಂದು ಮೊಳಗುವುದು ವಾಡಿಕೆಯೇ ಆಯಿತು. ಚಿತ್ರವು ಇದು ಶೋಕವೆಂದು ಮೊದಲೇ ಹೇಳಿಬಿಟ್ಟರೆ ಕೇಳುಗನಿಗೆ ಮಾಡಲು ಉಳಿದ ಕೆಲಸವೇನು? ನಿಘಂಟಿನ ಹಂಗನ್ನು ಹರಿದುಕೊಂಡ ಧ್ವನಿಯು ದೃಶ್ಯದ ಹಂಗಿಗೆ ಬೀಳುತ್ತದೆ. ಇದು ಗಾಯಕಿಯ ದೋಷಕ್ಕಿಂತ ಹೆಚ್ಚಾಗಿ ಬಳಸುವವರ ಸೋಮಾರಿತನ.

ಆದುದರಿಂದ ಆಸಕ್ತರು ಈ ಕೃತಿಯನ್ನು ಬಿಡಿಬಿಡಿಯಾಗಿ ಅಲ್ಲದೆ, 16 ಭಾಗಗಳನ್ನೂ ಒಂದೇ ಆಸನದಲ್ಲಿ ಕುಳಿತು, ಕಣ್ಣಿಗೆ ಕೆಲಸ ಕೊಡದೆ ಆಲಿಸುವುದು ಲೇಸು. ಒಂದು ಗಂಟೆಗೂ ಮಿಕ್ಕಿದ ಅವಧಿಯದು. ಮೊದಲ ಕೆಲವು ನಿಮಿಷ ಮನಸ್ಸು ಅರ್ಥಕ್ಕಾಗಿ ತಡಕಾಡುತ್ತದೆ, ಸಿಗದೆ ಚಡಪಡಿಸುತ್ತದೆ. ಆ ಚಡಪಡಿಕೆ ತಣಿದ ಬಳಿಕವೇ ನಿಜವಾದ ಶ್ರವಣ ಆರಂಭವಾಗುವುದು. ಕಲಕಿದ ಕೊಳದಲ್ಲಿ ಮುಖ ಕಾಣದು. ನೀರು ತಿಳಿಯಾಗುವವರೆಗೆ ದಡದಲ್ಲಿ ಕಾಯುವ ತಾಳ್ಮೆ ಬೇಕು. ಆ ತಾಳ್ಮೆಯುಳ್ಳವರಿಗೆ ಈ ಕೃತಿಯ ಹೆಸರು ಎಷ್ಟು ಯುಕ್ತವಾದುದೆಂಬುದು ತಾನಾಗಿಯೇ ತಿಳಿದೀತು.