ಹೊಲ ಒತ್ತೆ ಇಟ್ಟು ಲಂಡನ್ ಪದವಿಯೇ?

ಕೊಂಕಲ್ ಕಡೆಯಿಂದ ಯಾದಗಿರಿಗೆ ಬರುವ ಬಸ್ಸಿನಲ್ಲಿ ಈಗ ಹೊಸ ಮಾತು ಕೇಳಿಬರ್ತಿದೆ. ಹಿಂದೆ ಬಿ.ಕಾಂ. ಮುಗಿಸಿದ ಹುಡುಗ ಬ್ಯಾಂಕ್ ಪರೀಕ್ಷೆ ಅಂತಿದ್ದ, ಇಲ್ಲವೇ ಕೆ.ಎ.ಎಸ್. ಅಂತ ಧಾರವಾಡಕ್ಕೆ ಗಂಟು ಕಟ್ತಿದ್ದ. ಈಗ “ಟ್ರೇಡಿಂಗ್ ಮಾಡ್ತೀನಿ, ಅದಕ್ಕೆ ಲಂಡನ್ನಿನಲ್ಲಿ ಮಾಸ್ಟರ್ಸ್ ಆಗ್ಬೇಕು” ಅಂತಾನೆ. ಖರ್ಚೆಷ್ಟು ಅಂದ್ರೆ ಫೀ, ಬಾಡಿಗೆ, ಊಟ ಸೇರಿ ಮೂವತ್ತು-ನಲವತ್ತು ಲಕ್ಷ. ಪಕ್ಕದಲ್ಲಿ ಕೂತ ಅಪ್ಪ ಕಿಟಕಿ ಆಚೆ ನೋಡ್ತಾನೆ.

ಹುಡುಗ ಆಸೆ ಪಡೋದು ತಪ್ಪಲ್ಲ. ನಮ್ಮ ಭಾಗದವರು ಅಡತಿ ಅಂಗಡಿ ಮುಂದೆ ಚೀಲ ಎಣಿಸ್ತಾನೇ ಇರಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಆದರೆ ಸಾಲದ ಅರ್ಜಿಗೆ ಸಹಿ ಹಾಕೋ ಮುಂಚೆ ಅಪ್ಪ ಕೇಳಲೇಬೇಕಾದ ಒಂದು ಪ್ರಶ್ನೆ ಉಂಟು: ಟ್ರೇಡಿಂಗ್ ಅಂದ್ರೆ ಯಾವುದಪ್ಪಾ?

ಮೊಬೈಲಿನಲ್ಲಿ ಬೆಳಿಗ್ಗೆ ಕೊಂಡು ಸಂಜೆ ಮಾರೋದು ಅಂತಾದರೆ ಅದಕ್ಕೆ ಲಂಡನ್ನೂ ಬೇಡ, ಕಲಬುರಗಿಯೂ ಬೇಡ. ಷೇರು ಪೇಟೆಯ ಫ್ಯೂಚರ್ಸ್-ಆಪ್ಷನ್ಸಿನಲ್ಲಿ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಕೈಹಾಕಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ ಎಂದು ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಕೊಟ್ಟಿದೆ. ಇಷ್ಟು ಜನ ಕಳಕೊಂಡ ಆಟದ ಬಾಗಿಲನ್ನು 2010ರಿಂದ ಬೆಂಗಳೂರಿನಲ್ಲಿ ಕೂತು ಅಗ್ಗದ ದರಕ್ಕೆ ತೆರೆದಿಟ್ಟ ಜೆರೋಧಾದ ಕಾಮತ್ ಸಹೋದರರ ಪೈಕಿ ಅಣ್ಣ ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಓದಿದವರು, ತಮ್ಮ ಶಾಲೆಯನ್ನೇ ಅರ್ಧಕ್ಕೆ ಬಿಟ್ಟವರು. ಪರದೇಶದ ಪದವಿ ಇಬ್ಬರ ಗೋಡೆ ಮೇಲೂ ಇಲ್ಲ.

ದೊಡ್ಡ ಬ್ಯಾಂಕಿನ ಟ್ರೇಡಿಂಗ್ ಮೇಜಿಗೆ ಹೋಗ್ತೀನಿ ಅಂದ್ರೆ ಅದು ಗಣಿತದ ಕಸುಬು. ನ್ಯೂಯಾರ್ಕಿನ ಬರೂಕ್ ಕಾಲೇಜು, ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ಇದನ್ನು ಕಲಿಸೋದರಲ್ಲಿ ಹೆಸರಾದವು. ಅಲ್ಲಿ ಕೇಳೋದು ಕ್ಯಾಲ್ಕುಲಸ್ಸು, ಸಂಭವನೀಯತೆ, ಕಂಪ್ಯೂಟರ್ ಪ್ರೋಗ್ರಾಮು. ಪಿಯುಸಿಯಲ್ಲಿ ಗಣಿತ ಬಿಟ್ಟ ಹುಡುಗನಿಗೆ ಆ ಕದ ತೆರೆಯಲಾರದು.

ಇನ್ನು ಮೂರನೆಯದು ಸರಕಿನ ವ್ಯಾಪಾರ. ಹತ್ತಿ, ಧಾನ್ಯ, ಬೇಳೆ, ಎಣ್ಣೆ. ನಿಜ ಹೇಳಬೇಕೆಂದರೆ ಯಾದಗಿರಿ ಜಿಲ್ಲೆಯ ಹುಡುಗನಿಗೆ ಹುಟ್ಟಿನಿಂದಲೇ ಅರ್ಧ ಪಾಠ ಆಗಿರೋದು ಇದೊಂದರಲ್ಲೇ. ಶಹಾಪುರ-ಸುರಪುರದ ಹತ್ತಿ, ಗುರುಮಠಕಲ್ ಕಡೆಯ ತೊಗರಿ ಯಾವ ಹಂಗಾಮಿಗೆ ಹೇಗೆ ಬರ್ತದೆ, ಹಸಿ ಎಷ್ಟಿದ್ದರೆ ದಲಾಲಿ ಎಷ್ಟು ಮುರೀತಾನೆ, ಇದನ್ನು ಯಾವ ಪ್ರೊಫೆಸರೂ ಅವನಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಹತ್ತಿಗೂ ಹೊರದೇಶಕ್ಕೂ ನಂಟು ಇವತ್ತಿನದಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿನ ಹತ್ತಿ ನಿಂತಾಗ ಮುಂಬೈ ಪೇಟೆಗೆ ಹುಚ್ಚು ಹಿಡಿಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಲಕ್ಷಾಧೀಶರು ಬೀದಿಗೆ ಬಂದರು. ಮುಂಬೈಯಿಂದ ಬಂದ ರೈಲು ಯಾದಗಿರಿ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ಅಂದಿನಿಂದ ಇಲ್ಲಿನ ಅರಳೆಯ ದರಕ್ಕೂ ಲಿವರ್‌ಪೂಲಿನ ದರಕ್ಕೂ ದಾರ ಬಿಗಿದುಕೊಂಡಿದೆ. ಈಗಲೂ ಜಗತ್ತಿನ ಹತ್ತಿ ಕರಾರುಗಳಲ್ಲಿ ಬಹುಪಾಲು ನಡೆಯೋದು ಲಿವರ್‌ಪೂಲಿನ ಸಂಘದ ನಿಯಮದಂತೆ.

ಆ ದಾರ ಎಷ್ಟು ಬಿಗಿ ಅಂತೀರಾ? 2025ರ ಆಗಸ್ಟ್ 19ರಿಂದ ಕೇಂದ್ರ ಸರ್ಕಾರ ಹತ್ತಿ ಮೇಲಿನ ಶೇ. 11ರ ಆಮದು ಸುಂಕ ತೆಗೆದು ಹಾಕಿತು, ವರ್ಷದ ಕೊನೆಯವರೆಗೆ. ನಮ್ಮ ರೈತ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರೋ ತಿಂಗಳುಗಳೂ ಅವೇ! ತೊಗರಿಯ ಕಥೆಯೂ ಇಷ್ಟೇ. ಕಲಬುರಗಿ ತೊಗರಿಗೆ 2019ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತೆಂದು ನಾವು ಖುಷಿಪಟ್ಟೆವು. ಅದಕ್ಕೆ ಮುಂಚೆಯೇ, 2016ರಲ್ಲಿ, ಮೊಜಾಂಬಿಕ್ ದೇಶದಿಂದ ತೊಗರಿ ತರಿಸಲು ಮಪುಟೊದಲ್ಲಿ ಒಪ್ಪಂದ ಆಗಿತ್ತು. ಆಫ್ರಿಕದ ಬಂದರಿನಿಂದ ಹಡಗು ಹೊರಟರೆ ಗಂಜ್‌ನಲ್ಲಿ ದರ ಅಲುಗಾಡ್ತದೆ. ಇದನ್ನು ಮೊದಲೇ ತಿಳಕೊಂಡು ಅಂಗಡಿ ನಡೆಸೋವನು ಈ ಜಿಲ್ಲೆಗೆ ಬೇಕೇ ಬೇಕು. ಆ ಮಟ್ಟಿಗೆ ಹುಡುಗನ ಆಸೆಗೆ ನಮ್ಮ ಓಟು.

ಅದನ್ನು ಕಲಿಸೋ ಜಾಗ ಯಾವುದು? ಜಿನೀವಾ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಸರಕು ವ್ಯಾಪಾರಕ್ಕೆಂದೇ ಒಂದು ಮಾಸ್ಟರ್ಸ್ ತೆರೆದರು. ಅಲ್ಲಿನ ರೀತಿ ಕೇಳಿ: ವ್ಯಾಪಾರಿ ಕಂಪನಿಯೊಂದರಲ್ಲಿ ಜಾಗ ಹಿಡಿದು, ಕೆಲಸ ಮಾಡ್ತಾ ಓದೋದು. ಮೊದಲು ಪೇಟೆ, ಆಮೇಲೆ ಪಾಠ. ಲಂಡನ್ನಿನ ಬೇಯ್ಸ್ ಸ್ಕೂಲು, 2021ರವರೆಗೆ ಕ್ಯಾಸ್ ಅಂತಿದ್ದದ್ದು, ಹಡಗು-ಇಂಧನ-ವ್ಯಾಪಾರದ ಓದಿಗೆ ಹೆಸರಾಗಿದೆ. ಇಂಥವು ಬೆರಳೆಣಿಕೆ. ಏಜೆಂಟನ ಬಣ್ಣದ ಪುಸ್ತಕದಲ್ಲಿ ಇರೋದು ಮಾತ್ರ “ಫೈನಾನ್ಸ್” ಎಂಬ ಹೆಸರಿನ ಒಂದು ವರ್ಷದ ಸಾದಾ ಮಾಸ್ಟರ್ಸ್‌ಗಳು. ಸರಕಿನ ದೊಡ್ಡ ಮನೆಗಳಾದ ಕಾರ್ಗಿಲ್, ಲೂಯಿ ಡ್ರೈಫಸ್, ಓಲಮ್ ಹೊಸಬರನ್ನು ಮೊದಲು ಕೂರಿಸೋದು ಹಡಗಿನ ಕಾಗದ, ಎಲ್.ಸಿ., ಗೋದಾಮಿನ ಲೆಕ್ಕದ ಮುಂದೆ. ದರ ಹೇಳೋ ಫೋನು ಕೈಗೆ ಬರೋದು ವರ್ಷಗಳ ನಂತರ. ಅಡತಿಯಲ್ಲಿ ಗುಮಾಸ್ತನಾಗಿ ಸೇರಿದವನ ಪಾಡಿಗೂ ಇದಕ್ಕೂ ಏನು ಫರಕು?

ಹುಡುಗನ ಕೈಗೆ ಒಂದು ಲೆಕ್ಕ ಕೊಟ್ಟು ನೋಡಿ. ನ್ಯೂಯಾರ್ಕಿನಲ್ಲಿ ಅರಳೆ ಪೌಂಡಿಗೆ 65 ಸೆಂಟು ಅಂತಿಟ್ಟುಕೊಳ್ಳಿ. ನಮ್ಮ ಖಂಡಿ ಅಂದ್ರೆ 356 ಕಿಲೋ, ಪೌಂಡಿನಲ್ಲಿ ಸುಮಾರು 785. ಅಲ್ಲಿಗೆ ಖಂಡಿಗೆ 510 ಡಾಲರು. ಇವತ್ತಿನ ಡಾಲರು ದರದಿಂದ ಗುಣಿಸು, ಹಡಗು ಬಾಡಿಗೆ-ಸುಂಕ ಸೇರಿಸು. ಕ್ವಿಂಟಾಲ್ ಹತ್ತಿಗೆ ಮೂವತ್ಮೂರು-ಮೂವತ್ನಾಲ್ಕು ಕಿಲೋ ಅರಳೆ ಬಂದರೆ, ಕಾಳಿನ ದುಡ್ಡು ಬೇರೆ ಹಿಡಿದು, ಯಾದಗಿರಿಯಲ್ಲಿ ಹತ್ತಿ ಎಷ್ಟಕ್ಕೆ ಕೊಂಡರೆ ಗಿಟ್ಟೀತು? ಅರ್ಧ ತಾಸಿನಲ್ಲಿ ಉತ್ತರ ತಂದರೆ ಅವನು ವ್ಯಾಪಾರಿ. ಮೊಬೈಲ್ ನೋಡ್ತಾ ಕೂತರೆ, ಒಂದು ವರ್ಷ ಜಿನ್ನಿಂಗ್ ಮಿಲ್ಲಿನಲ್ಲಿ ಬಿಡಿ.

ಇನ್ನು ದುಡ್ಡಿನ ಮಾತು, ಎದೆ ಝಲ್ ಅನ್ನೋದು ಇಲ್ಲೇ. ಸರ್ಕಾರಿ ಬ್ಯಾಂಕು ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳ್ತದೆ. ಹತ್ತೆಕರೆ ಹೊಲ ಉಂಟಲ್ಲ ಸ್ವಾಮಿ ಅಂದ್ರೆ ಮ್ಯಾನೇಜರು ತಲೆ ಆಡಿಸ್ತಾನೆ. ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ಮುಟ್ಟುವಂತಿಲ್ಲ, ಹಾಗಾಗಿ ಇಂಥ ಸಾಲಕ್ಕೆ ಬ್ಯಾಂಕು ಹೊಲಕ್ಕಿಂತ ಪೇಟೆಯ ಮನೆಯನ್ನೇ ಕೇಳ್ತದೆ. ರೈತನ ರಕ್ಷಣೆಗೆ ಇಟ್ಟ ಬೇಲಿ, ಅವನ ಮಗನಿಗೆ ಅಡ್ಡಗೋಡೆ! ಆಗ ಬರೋವನು ಕೈಸಾಲದ ಸಾಹುಕಾರ. ಅವನಿಗೆ ಹೊಲದ ಪಹಣಿಯೇ ಸಾಕು. 2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಸಾಲ ದೇಶದೊಳಗಿನ ಸಂಸ್ಥೆಗಳಿಗೆ ಮಾತ್ರ. ನಮ್ಮ 371-ಜೆ ಸರ್ಟಿಫಿಕೇಟು ಥೇಮ್ಸ್ ನದಿ ದಾಟಂಗಿಲ್ಲ. ಓದಿದ ಮೇಲೆ ಬ್ರಿಟನ್ನಿನಲ್ಲಿ ಕೆಲಸ ಹುಡುಕಲು ಸಿಗ್ತಿದ್ದ ಎರಡು ವರ್ಷದ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ ಹದಿನೆಂಟೇ ತಿಂಗಳು. ಅಷ್ಟರೊಳಗೆ ಕೆಲಸ ಸಿಗದೆ ವಾಪಸು ಬಂದರೆ ನಲವತ್ತು ಲಕ್ಷದ ಬಡ್ಡಿಯನ್ನು ತೊಗರಿ ಬೆಳೆದು ಕಟ್ಟೋದೇ?

ಪದವಿಯೊಂದೇ ಪೇಟೆಯ ಬಾಗಿಲು ತೆಗೆಸಂಗಿಲ್ಲ ಎನ್ನೋದಕ್ಕೆ ಅಂಬೇಡ್ಕರರಿಗಿಂತ ದೊಡ್ಡ ಸಾಕ್ಷಿ ಬೇಕೇ? ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಹೋಗಿ 1915ರಲ್ಲಿ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದವರು. 1917ರಲ್ಲಿ ಹಿಂತಿರುಗಿದ ಮೇಲೆ ಷೇರು-ಸ್ಟಾಕಿನ ವ್ಯವಹಾರದವರಿಗೆ ಸಲಹೆ ಕೊಡೋ ಕಚೇರಿ ಇಟ್ಟರು. ಸಲಹೆಗಾರ ಅಸ್ಪೃಶ್ಯ ಅಂತ ಗೊತ್ತಾದದ್ದೇ ಗಿರಾಕಿಗಳು ನಿಂತರು, ಕಚೇರಿ ಮುಚ್ಚಿತು. ಅಂಥ ವಿದ್ಯೆಗೇ ಆ ಗತಿ! ಸಾಲದ ಬದಲು ವೇತನದ ಮೇಲೆ ಹೋಗಿದ್ದರು ಅನ್ನೋದನ್ನೂ ಇಲ್ಲಿ ಗಮನಿಸಬೇಕು.

ಆ ಬಗೆಯ ವೇತನ ಈಗಲೂ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರಿಗಷ್ಟೇ ಅಲ್ಲ, ಭೂಮಿ ಇಲ್ಲದ ಕೃಷಿಕೂಲಿಗಳ, ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗೂ ಸಿಗ್ತದೆ; ಮನೆ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು, ವಯಸ್ಸು 35 ದಾಟಿರಬಾರದು. ರಾಜ್ಯದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ-ಪಂಗಡದ ಮಕ್ಕಳಿಗಿದೆ. ಕೊಂಕಲ್ ಹೋಬಳಿಯಲ್ಲಿ ಈ ಹೆಸರು ಕೇಳಿದವರೆಷ್ಟು ಮಂದಿ? ಏಜೆಂಟರ ಬೋರ್ಡು ಬಸ್ ನಿಲ್ದಾಣದ ಗೋಡೆಗೆ ಬರ್ತದೆ, ಸರ್ಕಾರದ ವೇತನದ ಸುದ್ದಿ ಕಚೇರಿ ಕಪಾಟಿನಲ್ಲೇ ಉಳೀತದೆ.

ಸಮಾಜ ಕಲ್ಯಾಣ ಇಲಾಖೆಯವರೂ ಲೀಡ್ ಬ್ಯಾಂಕಿನವರೂ ಅರ್ಜಿ ಹಾಕೋ ಹಂಗಾಮಿಗೆ ಮುಂಚೆ ಕೊಂಕಲ್ ಸಂತೆಯಲ್ಲಿ ಒಂದು ದಿನ ಮೇಜು ಹಾಕಿ ಕೂಡಲಿ. ಯಾವ ವೇತನ ಯಾರಿಗೆ, ಯಾವ ಸಾಲಕ್ಕೆ ಯಾವ ಕಾಗದ, ಕನ್ನಡದಲ್ಲಿ ಹೇಳಲಿ. ಅಲ್ಲಿಯವರೆಗೆ ಅಪ್ಪಂದಿರೇ, ಏಜೆಂಟ್ ಎದುರಿಗೆ ಕೂತಾಗ ಇಷ್ಟು ಕೇಳಿ: ಹೋದ ವರ್ಷ ಈ ಪಾಠ ಮುಗಿಸಿದ ನಮ್ಮ ದೇಶದ ಹುಡುಗರಲ್ಲಿ ಟ್ರೇಡಿಂಗ್ ಕೆಲಸ ಸಿಕ್ಕವರೆಷ್ಟು, ಯಾವ ಕಂಪನಿಯಲ್ಲಿ? ಬರೆದು ಕೊಡಲಿ. ಕೊಡೋ ತನಕ ಪಹಣಿ ಪೆಟ್ಟಿಗೆಯಲ್ಲೇ ಇರಲಿ.