ಪುಸ್ತಕದ ಪೆಟ್ಟಿಗೆಯಲ್ಲಿ ಪಾರಾದ ವಕೀಲ

ಎತ್ತರದಿಂದ ಎರಡು ಸೀಸದ ಗುಂಡುಗಳನ್ನು ಒಟ್ಟಿಗೆ ಬಿಟ್ಟರೆ ಮೊದಲು ನೆಲ ಮುಟ್ಟುವುದು ಭಾರವಾದದ್ದೋ, ಹಗುರವಾದದ್ದೋ? ಹೈಸ್ಕೂಲಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ, 'ಎರಡೂ ಒಟ್ಟಿಗೇ ಸಾರ್, ಗೆಲಿಲಿಯೋ ಪೀಸಾ ಗೋಪುರದಿಂದ ಬಿಟ್ಟು ತೋರಿಸಿದ' ಎಂಬ ಉತ್ತರ ಬರುತ್ತದೆ. ಗೆಲಿಲಿಯೋ ನಿಜವಾಗಿ ಆ ಗೋಪುರ ಹತ್ತಿದ್ದನೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಆದರೆ 1586ರಲ್ಲಿ ಅಚ್ಚಾದ ಡಚ್ ಪುಸ್ತಕವೊಂದರಲ್ಲಿ ಇಂಥದೇ ಪ್ರಯೋಗದ ವಿವರ ಸ್ಪಷ್ಟವಾಗಿ ಸಿಗುತ್ತದೆ. ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಭಾರವಿದ್ದ ಎರಡು ಸೀಸದ ಗುಂಡುಗಳನ್ನು ಮೂವತ್ತು ಅಡಿ ಎತ್ತರದಿಂದ ಒಂದು ಹಲಗೆಯ ಮೇಲೆ ಬೀಳಿಸಿದರು. ಎರಡರ ಸದ್ದೂ ಒಂದೇ ಸದ್ದಿನಂತೆ ಕೇಳಿಸಿತು. ಹೀಗೆಂದು ಬರೆದವನು ಸಿಮೋನ್ ಸ್ಟೆವಿನ್ ಎಂಬ ಇಂಜಿನಿಯರ್. ಪ್ರಯೋಗದಲ್ಲಿ ಅವನ ಜೊತೆಗಿದ್ದವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಗಣ್ಯ, ಮುಂದೆ ಅಲ್ಲಿನ ಮೇಯರ್ ಆದ ಯಾನ್ ಡಿ ಗ್ರೋಟ್.

ಆ ಪುಸ್ತಕ ಹೊರಬಂದ ವರ್ಷ ಯಾನ್‌ನ ಮನೆಯಲ್ಲಿ ಮೂರು ವರ್ಷದ ಮಗನಿದ್ದ. ಹೆಸರು ಹ್ಯೂಗೋ. ತಂದೆಯ ಹಾದಿಯಲ್ಲಿ ಹೋಗಿದ್ದರೆ ಅವನು ವಿಜ್ಞಾನಿಯೋ ಇಂಜಿನಿಯರೋ ಆಗಬಹುದಿತ್ತು. ಆದರೆ ವಕೀಲನಾದ, ರಾಜಕಾರಣಿಯಾದ, ಕೈದಿಯಾದ, ಕೊನೆಗೆ ಪರದೇಶದ ರಾಯಭಾರಿಯಾದ. ಲ್ಯಾಟಿನ್ ಭಾಷೆಯಲ್ಲಿ ಗ್ರೋಟಿಯಸ್ ಎಂದು ಹೆಸರಾದ ಈತನನ್ನು ಇಂದು ಅಂತರರಾಷ್ಟ್ರೀಯ ಕಾನೂನಿನ ಪಿತಾಮಹರಲ್ಲಿ ಒಬ್ಬನೆಂದು ಗೌರವಿಸುತ್ತಾರೆ.

ವಿಜ್ಞಾನದ ಮೇಷ್ಟ್ರಿಗೆ ವಕೀಲನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಪಾಲಕರು ಕೇಳುವ ಪ್ರಶ್ನೆ ಒಂದೇ: 'ನಮ್ಮ ಹುಡುಗ ಸೈನ್ಸ್ ತೆಗೆದುಕೊಂಡರೆ ಡಾಕ್ಟರ್, ಇಂಜಿನಿಯರ್ ಆಗಬಹುದು. ಬೇರೆ ತೆಗೆದುಕೊಂಡರೆ ಏನಾಗುತ್ತಾನೆ?' ಇದಕ್ಕೆ ಒಂದು ಉತ್ತರವಾಗಿ ಈ ಮನುಷ್ಯನ ಬದುಕನ್ನು ನೋಡೋಣ.

ಹದಿನಾರರ ವಕೀಲ

ಹ್ಯೂಗೋ ಹುಟ್ಟಿದ್ದು 1583ರ ಏಪ್ರಿಲ್ 10ರಂದು. ಹನ್ನೊಂದನೆಯ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯ ಸೇರಿದ. 1598ರಲ್ಲಿ ಹಾಲೆಂಡಿನ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟ್ ಫ್ರಾನ್ಸಿಗೆ ರಾಜತಾಂತ್ರಿಕ ನಿಯೋಗ ಕರೆದುಕೊಂಡು ಹೋದಾಗ ಈ ಹುಡುಗನೂ ಜೊತೆಗಿದ್ದ. ಅದೇ ಪ್ರವಾಸದಲ್ಲಿ ಓರ್ಲಿಯಾನ್ಸ್ ವಿಶ್ವವಿದ್ಯಾಲಯದಿಂದ ಕಾನೂನಿನ ಡಾಕ್ಟರೇಟ್ ಪಡೆದ. ಮರುವರ್ಷ ಹೇಗ್ ನಗರದಲ್ಲಿ ವಕೀಲಿ ಶುರುಮಾಡಿದಾಗ ಅವನಿಗೆ ಹದಿನಾರು. ನಮ್ಮಲ್ಲಿ ಅದು ಎಸ್ಸೆಸ್ಸೆಲ್ಸಿ ಮುಗಿಸುವ ವಯಸ್ಸು!

ಪಾಲಕರು ಇಲ್ಲಿ ಒಂದು ಅಂಶ ಗಮನಿಸಬೇಕು. ಅದೇ 1599ರಲ್ಲಿ ಅವನು ತಂದೆಯ ಗೆಳೆಯ ಸ್ಟೆವಿನ್ನನ ಒಂದು ಪುಸ್ತಕವನ್ನು ಡಚ್ಚಿನಿಂದ ಲ್ಯಾಟಿನ್ನಿಗೆ ಅನುವಾದಿಸಿದ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ಓರೆಯಾಗಿದೆ ಎಂದು ಅಳೆದು ನಾವಿಕರು ಬಂದರನ್ನು ಹುಡುಕುವುದು ಹೇಗೆ ಎಂಬುದು ಆ ಪುಸ್ತಕದ ವಿಷಯ. ಕಾನೂನು ಓದಿದ ಹುಡುಗ ಭೂಕಾಂತತ್ವದ ಪುಸ್ತಕ ಅನುವಾದಿಸುತ್ತಾನೆ! ವಿಜ್ಞಾನ, ಕಲೆ ಎಂದು ನಾವು ಎಬ್ಬಿಸಿರುವ ಗೋಡೆ ಆ ಮನೆಯಲ್ಲಿ ಇರಲಿಲ್ಲ. ಕೆಲವು ವರ್ಷಗಳ ನಂತರ ಸಮುದ್ರದ ಕಾನೂನಿನ ಬಗ್ಗೆ ಬರೆಯಲು ಕುಳಿತಾಗ ಹಡಗು, ಗಾಳಿ, ಬಂದರು ಅವನಿಗೆ ಹೊಸ ವಿಷಯಗಳಾಗಿರಲಿಲ್ಲ.

ಸಮುದ್ರ ಯಾರದು?

1603ರ ಫೆಬ್ರವರಿಯಲ್ಲಿ ಸಿಂಗಪುರದ ಬಳಿ ಡಚ್ಚರು ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರಲ್ಲಿದ್ದ ಚೀನಾದ ರೇಷ್ಮೆ, ಪಿಂಗಾಣಿ ಮುಂತಾದ ಸರಕು ಹರಾಜಿನಲ್ಲಿ 30 ಲಕ್ಷ ಗಿಲ್ಡರ್‌ಗೂ ಹೆಚ್ಚು ಹಣ ತಂದಿತು. ಆಗಷ್ಟೇ, 1602ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತ್ತು. ಪಾಲುದಾರರಲ್ಲೇ ಕೆಲವರು 'ಇದು ಕಡಲ್ಗಳ್ಳತನ ಅಲ್ಲವೆ?' ಎಂದು ತಕರಾರು ತೆಗೆದರು. ಕಂಪನಿಯ ಪರವಾಗಿ ಸಮರ್ಥನೆ ಬರೆಯುವ ಕೆಲಸ ಈ ಯುವ ವಕೀಲನ ಪಾಲಿಗೆ ಬಂತು. ಅವನು ಬರೆದ ದೊಡ್ಡ ಗ್ರಂಥದ ಒಂದು ಅಧ್ಯಾಯ 1609ರಲ್ಲಿ, ಲೇಖಕನ ಹೆಸರಿಲ್ಲದೆ, 'ಮುಕ್ತ ಸಮುದ್ರ' ಎಂಬ ಅರ್ಥದ ಲ್ಯಾಟಿನ್ ಹೆಸರಿನಲ್ಲಿ ಪ್ರಕಟವಾಯಿತು. ಉಳಿದ ಭಾಗ ಎಲ್ಲೋ ಮೂಲೆಯಲ್ಲಿ ಬಿದ್ದಿದ್ದು 1864ರ ಹರಾಜಿನಲ್ಲಿ ಬೆಳಕಿಗೆ ಬಂತು.

ಆ ವಾದವನ್ನು ಅರ್ಥಮಾಡಿಕೊಳ್ಳಲು ನಮ್ಮ ಕರಾವಳಿಯನ್ನು ನೆನೆಯಬೇಕು. ಹದಿನಾರನೆಯ ಶತಮಾನದಲ್ಲಿ ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರಿನ ವ್ಯಾಪಾರಿಗಳು ಹಡಗು ಬಿಡಬೇಕಾದರೆ ಪೋರ್ಚುಗೀಸರಿಂದ 'ಕರ್ತಾಸ್' ಎಂಬ ರಹದಾರಿ ಪತ್ರ ಪಡೆಯಬೇಕಿತ್ತು. ಪತ್ರವಿಲ್ಲದ ಹಡಗನ್ನು ಹಿಡಿದು ಸರಕು ದೋಚುತ್ತಿದ್ದರು. ಉಳ್ಳಾಲದ ರಾಣಿ ಅಬ್ಬಕ್ಕ ಸೆಣಸಿದ್ದು ಇದೇ ಪೋರ್ಚುಗೀಸರ ಜೊತೆ. ನಮ್ಮ ಪೂರ್ವಜರು ತಲೆತಲಾಂತರದಿಂದ ಓಡಾಡಿದ ಕಡಲಿಗೆ ದೂರದಿಂದ ಬಂದವರು ಬೀಗ ಹಾಕಿದ್ದರು.

ಗ್ರೋಟಿಯಸ್‌ನ ವಾದ ಸರಳ. ಹೊಲಕ್ಕೆ ಬೇಲಿ ಹಾಕಬಹುದು, ಮನೆಗೆ ಗೋಡೆ ಕಟ್ಟಬಹುದು. ಸಮುದ್ರವನ್ನು ಯಾರೂ ಹಾಗೆ ಹಿಡಿದಿಡಲಾರರು. ಒಬ್ಬನ ಹಡಗು ಹೋದ ಮಾತ್ರಕ್ಕೆ ಇನ್ನೊಬ್ಬನಿಗೆ ಸಮುದ್ರ ಕಡಿಮೆಯಾಗುವುದಿಲ್ಲ. ಆದ್ದರಿಂದ ಅದು ಗಾಳಿಯ ಹಾಗೆ, ಎಲ್ಲರದು. ಪೂರ್ವದ ನಾಡುಗಳಿಗೆ ಅವುಗಳದೇ ರಾಜರು, ಅವುಗಳದೇ ಕಾನೂನು ಇವೆ. ಪೋರ್ಚುಗೀಸರು ಅವನ್ನು 'ಕಂಡುಹಿಡಿದೆವು' ಎಂದು ಹಕ್ಕು ಸಾಧಿಸುವಂತಿಲ್ಲ ಎಂದೂ ಅವನು ಬರೆದ.

ಎಷ್ಟು ನ್ಯಾಯವಾದ ಮಾತು! ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1613ರಲ್ಲಿ ಇಂಗ್ಲೆಂಡಿನೊಡನೆ ವ್ಯಾಪಾರದ ಮಾತುಕತೆ ನಡೆಸಲು ಹೋದ ನಿಯೋಗದಲ್ಲಿ ಗ್ರೋಟಿಯಸ್ ಇದ್ದ. ಅಷ್ಟರಲ್ಲಿ ಡಚ್ಚರೇ ಸಾಂಬಾರ ದ್ವೀಪಗಳಲ್ಲಿ ಬೇರೆಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಇಂಗ್ಲಿಷರು 'ಸಮುದ್ರ ಎಲ್ಲರದಲ್ಲವೆ?' ಎಂದು ಅವನದೇ ಪುಸ್ತಕದ ಮಾತನ್ನು ಅವನ ಮುಂದಿಟ್ಟರು. ಸ್ಥಳೀಯ ಅರಸರೊಡನೆ ನಮಗೆ ಒಪ್ಪಂದವಿದೆ, ಒಪ್ಪಂದ ಪಾಲಿಸಬೇಕು ಎಂಬುದು ಅವನ ಉತ್ತರವಾಗಿತ್ತು. ಕಕ್ಷಿದಾರನಿಗಾಗಿ ಕಟ್ಟಿದ ವಾದ ಲೋಕದ ತತ್ವವಾಗಿ ಬೆಳೆದಾಗ ಅದು ಮೊದಲು ಕಟ್ಟಿಹಾಕುವುದು ಕಟ್ಟಿದವನನ್ನೇ. ವಕೀಲಿ ಓದಬೇಕೆನ್ನುವ ಮಕ್ಕಳು ಈ ಪ್ರಸಂಗವನ್ನು ಮರೆಯಬಾರದು.

ಕೋಟೆಯೊಳಗಿನ ವಿದ್ಯಾರ್ಥಿ

1613ರಲ್ಲೇ ಅವನು ರಾಟರ್‌ಡ್ಯಾಮ್ ನಗರದ ಉನ್ನತ ಕಾನೂನು ಅಧಿಕಾರಿಯಾದ. ಅಂದಿನ ಪದ್ಧತಿಯಲ್ಲಿ ಅದು ರಾಜಕೀಯ ಹುದ್ದೆಯೇ. ಆ ಹೊತ್ತಿಗೆ ಹಾಲೆಂಡಿನಲ್ಲಿ ಒಂದು ಧಾರ್ಮಿಕ ಜಗಳ ಹೊತ್ತಿತ್ತು. ಮನುಷ್ಯನ ಸದ್ಗತಿ ದೇವರು ಮೊದಲೇ ನಿಶ್ಚಯಿಸಿದ್ದೋ, ಅದರಲ್ಲಿ ಮನುಷ್ಯನ ಇಚ್ಛೆಗೂ ಪಾತ್ರವಿದೆಯೋ? ನಮ್ಮವರ 'ವಿಧಿಯೋ, ಪುರುಷಪ್ರಯತ್ನವೋ' ಎಂಬ ಚರ್ಚೆಯಂಥದು. ನಮ್ಮಲ್ಲಿ ಅದು ಜಗಲಿಯ ಮೇಲಿನ ಮಾತಾಗಿ ಮುಗಿಯುತ್ತದೆ. ಅಲ್ಲಿ ಅದು ಅಧಿಕಾರದ ಕಾದಾಟವಾಯಿತು. ಓಲ್ಡನ್‌ಬಾರ್ನವೆಲ್ಟ್ ಮತ್ತು ಗ್ರೋಟಿಯಸ್ ಎರಡೂ ಪಂಗಡಗಳಿಗೆ ಸಹನೆ ಇರಲಿ ಎಂದರು. ಸೇನಾಪತಿ ರಾಜಕುಮಾರ ಮೌರಿಸ್ ಎದುರು ಪಂಗಡದ ಕಡೆ ನಿಂತ. 1618ರ ಆಗಸ್ಟ್‌ನಲ್ಲಿ ಇಬ್ಬರನ್ನೂ ಬಂಧಿಸಲಾಯಿತು. 1619ರ ಮೇ 13ರಂದು, ಎಪ್ಪತ್ತು ದಾಟಿದ ಓಲ್ಡನ್‌ಬಾರ್ನವೆಲ್ಟ್‌ನ ತಲೆ ಕಡಿದರು. ಗ್ರೋಟಿಯಸ್‌ಗೆ ಜೀವಾವಧಿ ಸೆರೆ. ಲೋವೆಸ್ಟೈನ್ ಎಂಬ ನದಿತೀರದ ಕೋಟೆಯಲ್ಲಿ.

ಮೂವತ್ತಾರರ ವಯಸ್ಸು, ಮುಗಿದುಹೋದ ವೃತ್ತಿ, ಮುಟ್ಟುಗೋಲಾದ ಆಸ್ತಿ. ಬೇರೆ ಯಾರಾದರೂ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಅವನು ಪುಸ್ತಕ ತರಿಸಿಕೊಂಡ. ಹತ್ತಿರದ ಊರಿನಿಂದ ಗೆಳೆಯರು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುತ್ತಿದ್ದರು. ಓದಿದವು ಅದೇ ಪೆಟ್ಟಿಗೆಯಲ್ಲಿ ವಾಪಸಾಗುತ್ತಿದ್ದವು. ಅಲ್ಲೇ ಕುಳಿತು ತನ್ನ ನಾಡಿನ ಕಾನೂನಿನ ಬಗ್ಗೆ ಒಂದು ಪರಿಚಯ ಗ್ರಂಥ ಬರೆದ. ವಿದ್ವಾಂಸರ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಅದನ್ನು ಬರೆದದ್ದು ತನ್ನ ತಾಯ್ನುಡಿ ಡಚ್ಚಿನಲ್ಲಿ. 1631ರಲ್ಲಿ ಅಚ್ಚಾದ ಆ ಗ್ರಂಥವನ್ನು ದಕ್ಷಿಣ ಆಫ್ರಿಕಾದ ನ್ಯಾಯಾಲಯಗಳು ಇಂದಿಗೂ ಪ್ರಮಾಣವೆಂದು ಉಲ್ಲೇಖಿಸುವುದುಂಟು. ತಾಯ್ನುಡಿಯಲ್ಲಿ ಗಹನ ವಿಷಯ ಬರೆಯಲಾಗದು ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಗ್ರೋಟಿಯಸ್‌ನ ಹೆಂಡತಿ ಮರಿಯಾ ಕೋಟೆಯಲ್ಲಿ ಅವನೊಂದಿಗೇ ವಾಸವಾಗಿದ್ದಳು. ಮೊದಮೊದಲು ಪೆಟ್ಟಿಗೆಯನ್ನು ಕೂಲಂಕಷವಾಗಿ ತಪಾಸಣೆ ಮಾಡುತ್ತಿದ್ದ ಕಾವಲುಗಾರರು ದಿನ ಕಳೆದಂತೆ ಬೇಸತ್ತು ಹಾಗೇ ಬಿಡತೊಡಗಿದ್ದು ಅವಳ ಕಣ್ಣಿಗೆ ಬಿತ್ತು. ಗಂಡನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಅಭ್ಯಾಸ ಮಾಡಿಸಿದಳು. 1621ರ ಮಾರ್ಚ್ 22ರಂದು, ಕೋಟೆಯ ಅಧಿಕಾರಿ ಊರಿನಲ್ಲಿಲ್ಲದ ದಿನ, ಪುಸ್ತಕದ ಬದಲು ಗ್ರೋಟಿಯಸ್ ಪೆಟ್ಟಿಗೆಯೊಳಗಿದ್ದ. ಹೊತ್ತ ಸೈನಿಕರು ಭಾರ ಜಾಸ್ತಿಯಾಯಿತೆಂದು ಗೊಣಗಿದರು ಎಂಬ ಕಥೆ ಇದೆ. ಎಲ್ಸ್ಯೆ ಎಂಬ ಮನೆಗೆಲಸದ ಹುಡುಗಿ ಪೆಟ್ಟಿಗೆಯ ಜೊತೆಗೆ ದೋಣಿಯಲ್ಲಿ ಹೋದಳು. ಅವಳ ಮುಖದಲ್ಲಿ ಸ್ವಲ್ಪ ಗಾಬರಿ ಕಂಡಿದ್ದರೂ ಎಲ್ಲರ ಕಥೆ ಮುಗಿಯುತ್ತಿತ್ತು. ಊರು ತಲುಪಿದ ಮೇಲೆ ಅವನು ಗಾರೆ ಕೆಲಸದವನ ವೇಷ ತೊಟ್ಟು ಗಡಿ ದಾಟಿದ. ಹಿಂದೆ ಉಳಿದ ಮರಿಯಾಳನ್ನು ಕೆಲವು ದಿನ ಇಟ್ಟುಕೊಂಡು ಬಿಟ್ಟುಬಿಟ್ಟರು. ಆ ಪೆಟ್ಟಿಗೆ ತಮ್ಮಲ್ಲಿರುವುದೇ ಎಂದು ಹಾಲೆಂಡಿನ ಒಂದಕ್ಕಿಂತ ಹೆಚ್ಚು ವಸ್ತುಸಂಗ್ರಹಾಲಯಗಳು ಹೇಳಿಕೊಳ್ಳುತ್ತವೆ!

ಎರಡೆರಡಲ ನಾಲ್ಕು

ಪ್ಯಾರಿಸ್ ಸೇರಿದ ಅವನಿಗೆ ಫ್ರಾನ್ಸಿನ ದೊರೆ ಪಿಂಚಣಿ ಗೊತ್ತುಮಾಡಿದ. ಅದು ಸರಿಯಾಗಿ ಕೈಗೆ ಬರುತ್ತಿರಲಿಲ್ಲ. ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಉರಿಯುತ್ತಿತ್ತು. ಆ ನಡುವೆ 1625ರಲ್ಲಿ ಯುದ್ಧ ಮತ್ತು ಶಾಂತಿಯ ಕಾನೂನಿನ ಬಗೆಗಿನ ಅವನ ಮಹಾಗ್ರಂಥ ಹೊರಬಂತು. ಯುದ್ಧ ಯಾವಾಗ ನ್ಯಾಯ, ಯಾವಾಗ ಅನ್ಯಾಯ? ಯುದ್ಧ ಶುರುವಾದ ಮೇಲೂ ಪಾಲಿಸಬೇಕಾದ ಕಟ್ಟಳೆ ಯಾವುವು? ಶತ್ರುವಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆ? ಇವು ಅದರ ಪ್ರಶ್ನೆಗಳು.

ವಿಜ್ಞಾನ ಕಲಿಸುವವನಿಗೆ ಆ ಗ್ರಂಥದಲ್ಲಿ ಹಿಡಿಸುವ ಎರಡು ಅಂಶಗಳಿವೆ. ಗಣಿತಜ್ಞರು ಆಕೃತಿಗಳನ್ನು ವಸ್ತುಗಳಿಂದ ಬೇರ್ಪಡಿಸಿ ನೋಡುವ ಹಾಗೆ ತಾನೂ ಯಾವ ನಿರ್ದಿಷ್ಟ ಜಗಳವನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಕಾನೂನನ್ನು ವಿಚಾರಿಸಿದ್ದೇನೆ ಎನ್ನುತ್ತಾನೆ. ಎರಡನೆಯದಾಗಿ, ಎರಡೆರಡಲ ನಾಲ್ಕು ಎಂಬುದನ್ನು ದೇವರೂ ಬದಲಿಸಲಾರ. ಹಾಗೆಯೇ ಸಹಜ ನ್ಯಾಯವೂ ಎನ್ನುತ್ತಾನೆ. ಗುಂಡು ಬೀಳಿಸಿ ನಿಸರ್ಗದ ನಿಯಮ ಹುಡುಕಿದ ತಂದೆಯ ಮಗ, ಮನುಷ್ಯ ಮನುಷ್ಯರ ನಡುವಿನ ನಿಯಮ ಹುಡುಕಿದ.

ಹಾಗೆಂದು ಅವನನ್ನು ದೇವರ ಪೀಠದ ಮೇಲೆ ಕೂರಿಸುವುದು ಬೇಡ. ಗುಲಾಮಗಿರಿಯನ್ನು ಅವನು ಕಾನೂನಿಗೆ ವಿರುದ್ಧವೆನ್ನಲಿಲ್ಲ. ಅವನು ಸಮರ್ಥಿಸಿದ ಕಂಪನಿ ಪೂರ್ವ ದ್ವೀಪಗಳಲ್ಲಿ ಜನರನ್ನು ಗೋಳುಹೊಯ್ದುಕೊಂಡಿತು. ತತ್ವ ದೊಡ್ಡದು, ಹೇಳಿದ ಮನುಷ್ಯ ತನ್ನ ಕಾಲದ ಕೂಸು.

1631ರಲ್ಲಿ ಅವನು ತಾಯ್ನಾಡಿಗೆ ಮರಳಿದ. ಕ್ಷಮೆ ಕೇಳಿದರೆ ಉಳಿಯಬಹುದಿತ್ತೇನೋ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಅವನು ಕೇಳಲಿಲ್ಲ. ಮರುವರ್ಷ ಮತ್ತೆ ನಾಡು ಬಿಡಬೇಕಾಯಿತು. 1634ರಲ್ಲಿ ಸ್ವೀಡನ್ ಅವನನ್ನು ಫ್ರಾನ್ಸಿಗೆ ತನ್ನ ರಾಯಭಾರಿಯಾಗಿ ನೇಮಿಸಿತು. ಸುಮಾರು ಹತ್ತು ವರ್ಷ ಆ ಕೆಲಸ ಮಾಡಿದ. ಪುಸ್ತಕದಲ್ಲಿ ಗೆದ್ದಷ್ಟು ದರಬಾರಿನಲ್ಲಿ ಗೆಲ್ಲಲಿಲ್ಲ. 1645ರಲ್ಲಿ ಸ್ವೀಡನ್ನಿನಿಂದ ಹಿಂತಿರುಗುವಾಗ ಅವನ ಹಡಗು ಬಿರುಗಾಳಿಗೆ ಸಿಕ್ಕಿತು. ದಡ ಸೇರಿದರೂ ದಣಿದು, ಜರ್ಮನಿಯ ರೊಸ್ಟಾಕ್‌ನಲ್ಲಿ ಆಗಸ್ಟ್ 28ರಂದು ತೀರಿಕೊಂಡ. ಮೂರು ವರ್ಷಗಳ ನಂತರ, 1648ರಲ್ಲಿ, ಯೂರೋಪಿನ ಮಹಾಯುದ್ಧ ನಿಂತಿತು. ಅದನ್ನು ನೋಡಲು ಅವನಿರಲಿಲ್ಲ. ಸೆರೆಗೆ ತಳ್ಳಿದ ನಾಡು ದೇಹವನ್ನು ಮಾತ್ರ ಬರಮಾಡಿಕೊಂಡಿತು. ಡೆಲ್ಫ್ಟ್‌ನ ಚರ್ಚಿನಲ್ಲಿ ಅವನ ಸಮಾಧಿ ಇದೆ.

ನಮ್ಮ ಕಡಲಿನ ಲೆಕ್ಕ

ನಾಲ್ಕು ಶತಮಾನಗಳ ಹಿಂದಿನ ಮಾತು ನಮಗೇಕೆ? ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದ 1982ರಲ್ಲಿ ಸಿದ್ಧವಾಗಿ 1994ರಲ್ಲಿ ಜಾರಿಗೆ ಬಂತು. ಭಾರತ 1995ರಲ್ಲಿ ಅದನ್ನು ಅಂಗೀಕರಿಸಿತು. ಅದರ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಆಯಾ ದೇಶದ ಒಡೆತನ. 200 ನಾಟಿಕಲ್ ಮೈಲಿಯವರೆಗೆ ಮೀನು, ಖನಿಜ, ತೈಲದ ಹಕ್ಕು. ಅದರಾಚೆಯ ನೀರು ಯಾರ ಸ್ವತ್ತೂ ಅಲ್ಲ. ಸಮುದ್ರ ಬಳಸಿದಷ್ಟೂ ಸವೆಯದು ಎಂಬ ಗ್ರೋಟಿಯಸ್‌ನ ಲೆಕ್ಕ ಇಂದಿನ ದೊಡ್ಡ ಬಲೆ, ದೊಡ್ಡ ಎಂಜಿನ್‌ಗಳ ಮುಂದೆ ನಿಲ್ಲದಾಗಿದೆ. ಮೀನು ಕಡಿಮೆಯಾಗುತ್ತಿರುವುದು ನಮ್ಮ ಮಲ್ಪೆಯವರಿಗೂ ಗೊತ್ತು. ಆದರೂ ಹಡಗು ಸಂಚಾರದ ಸ್ವಾತಂತ್ರ್ಯ ಎಂಬ ತಿರುಳು ಉಳಿದಿದೆ.

2012ರ ಫೆಬ್ರವರಿಯಲ್ಲಿ ಕೇರಳದ ಕರಾವಳಿಯಾಚೆ ಇಟಲಿಯ ಹಡಗಿನಲ್ಲಿದ್ದ ನೌಕಾ ಸೈನಿಕರ ಗುಂಡಿಗೆ ನಮ್ಮ ಇಬ್ಬರು ಮೀನುಗಾರರು ಬಲಿಯಾದರು. ಪ್ರಕರಣ ಹೇಗ್ ನಗರದ ಶಾಶ್ವತ ಪಂಚಾಯ್ತಿ ನ್ಯಾಯಾಲಯದ ತನಕ ಹೋಯಿತು. 2020ರ ತೀರ್ಪಿನಲ್ಲಿ ಆ ಸೈನಿಕರನ್ನು ಭಾರತ ವಿಚಾರಣೆ ಮಾಡುವಂತಿಲ್ಲ ಎಂದರೂ, ಇಟಲಿ ಭಾರತದ ಸಂಚಾರ ಸ್ವಾತಂತ್ರ್ಯವನ್ನು ಉಲ್ಲಂಘಿಸಿದೆ, ಪರಿಹಾರ ಕೊಡಬೇಕು ಎಂದಿತು. 10 ಕೋಟಿ ರೂಪಾಯಿ ಬಂತು. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಹೋದ ಜೀವಕ್ಕೆ ಹಣ ಸಮವಲ್ಲ. ಆದರೂ ಒಂದು ಸಣ್ಣ ಮೀನುಗಾರಿಕೆ ದೋಣಿಗೂ ಕಡಲಿನಲ್ಲಿ ಹಕ್ಕಿದೆ ಎಂದು ಒಂದು ದೇಶದ ವಿರುದ್ಧ ವಾದಿಸಿ ಸ್ಥಾಪಿಸಿದವರು ವಕೀಲರು, ರಾಜತಾಂತ್ರಿಕರು.

ಅದೇ ಹೇಗ್‌ನ ಶಾಂತಿ ಸೌಧದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ಪೀಠದಲ್ಲಿ 1952-53ರಲ್ಲಿ ಕುಳಿತಿದ್ದವರು ನಮ್ಮ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ದುಡಿದವರು. ಅವರು ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ!

ಆದ್ದರಿಂದ ಪಾಲಕರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು 'ನಾನು ಕಾನೂನು ಓದುತ್ತೇನೆ' ಎಂದರೆ ಮುಖ ಸಪ್ಪಗೆ ಮಾಡಬೇಡಿ. ಹಾಗೆಯೇ ಗ್ರೋಟಿಯಸ್‌ನ ಹನ್ನೊಂದರ ವಿಶ್ವವಿದ್ಯಾಲಯ ನೋಡಿ ನಿಮ್ಮ ಮಗುವನ್ನು ಓಡಿಸಲೂ ಬೇಡಿ. ಅವನನ್ನು ಕಾಪಾಡಿದ್ದು ಆ ಅವಸರವಲ್ಲ, ಸೆರೆಯಲ್ಲೂ ಬಿಡದ ಓದು. ವಿದ್ಯಾರ್ಥಿಗಳೇ, ನೀವು ಯಾವ ವಿಭಾಗವನ್ನಾದರೂ ಆರಿಸಿಕೊಳ್ಳಿ. ಇನ್ನೊಂದು ವಿಭಾಗದ ಒಂದು ಒಳ್ಳೆಯ ಪುಸ್ತಕವನ್ನು ಈ ರಜೆಯಲ್ಲಿ ಊರಿನ ಗ್ರಂಥಾಲಯದಿಂದ ತಂದು ಓದಿ. ಅದು ಮುಂದೆ ಯಾವ ಹೊತ್ತಿನಲ್ಲಿ ಕೈಹಿಡಿಯುತ್ತದೆ ಎಂಬುದನ್ನು ಈಗಲೇ ಹೇಳಲಾಗದು.