ರೆಡಿಮೇಡ್ ಕಾರು ಬೇಡ, ಕಿಟ್ ಕೊಡಿ

ಮುಂದಿನ ತಿಂಗಳಿನಿಂದ ನಮ್ಮ ಕಾಲೇಜಿನ ಹವ್ಯಾಸ ಸಂಘ ಮತ್ತೆ ಶುರುವಾಗುತ್ತದೆ ಎಂಬ ನೋಟಿಸ್ ಎಲ್ಲರೂ ಓದಿದ್ದೀರಿ. ಸಂಘದ ಹಣದಲ್ಲಿ ಐದು ರಿಮೋಟ್ ಕಂಟ್ರೋಲ್ ಕಾರುಗಳನ್ನು ತರಿಸಿ, ವಿಜ್ಞಾನ ಪ್ರದರ್ಶನದ ದಿನ ಮೈದಾನದಲ್ಲಿ ಓಡಿಸುವ ಯೋಚನೆ ಇದೆಯಂತೆ. ಯೋಚನೆ ಒಳ್ಳೆಯದೇ. ಆದರೆ ತರಿಸಬೇಕೆಂದಿರುವುದು ಡಬ್ಬದಿಂದ ತೆಗೆದು ಬ್ಯಾಟರಿ ಹಾಕಿದರೆ ಓಡುವ ರೆಡಿಮೇಡ್ ಕಾರುಗಳನ್ನು. ಹೆಸರು ಕೊಡಲು ಹೇಳಿರುವುದು ವಿಜ್ಞಾನ ವಿಭಾಗದವರಿಗೆ ಮಾತ್ರ. ಈ ಎರಡಕ್ಕೂ ನನ್ನ ವಿರೋಧವಿದೆ. ಕಾಮರ್ಸ್ ಹುಡುಗನ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಬಹುದು. ಸ್ವಲ್ಪ ಅದೂ ಇದೆ, ಆದರೆ ಅದಷ್ಟೇ ಅಲ್ಲ.

ಈ ವಿಷಯ ಮಾತಾಡಲು ನನಗೇನು ಅರ್ಹತೆ ಎಂದರೆ, ಕಳೆದ ವರ್ಷ ನಾನು ಮತ್ತು ಮಾಮೂನ ಇಬ್ಬರು ಮಕ್ಕಳು ಎರಡು ವರ್ಷದ ಈದಿ ಹಣ ಕೂಡಿಸಿ ಒಂದು ಬಗ್ಗಿ ಕಿಟ್ ತರಿಸಿದ್ದೆವು. ಬಗ್ಗಿ ಎಂದರೆ ಮಣ್ಣು, ಗುಂಡಿ, ದಿಬ್ಬದ ಮೇಲೆ ಓಡುವ ಗಾಡಿ. ನಮ್ಮದು ಜಪಾನಿನ ಟಮಿಯಾ ಕಂಪನಿಯದು, ಹಿಂದಿನ ಚಕ್ರಗಳಿಗೆ ಮಾತ್ರ ಮೋಟಾರಿನ ಶಕ್ತಿ ಹೋಗುವಂಥದ್ದು. ನಿಜವಾದ ಗಾಡಿಯ ಹತ್ತರಲ್ಲಿ ಒಂದು ಅಳತೆ. ಡಬ್ಬ ತೆರೆದರೆ ಕಾರು ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗಗಳು, ಎ, ಬಿ, ಸಿ ಎಂದು ಬರೆದ ತಿರುಪುಗಳ ಚೀಲಗಳು, ಒಂದು ಮೋಟಾರು, ಬಣ್ಣವಿಲ್ಲದ ಪಾರದರ್ಶಕ ಬಾಡಿ, ಒಂದು ಪುಸ್ತಕ, ಇಷ್ಟೇ.

ಆ ಪುಸ್ತಕದ ಬಗ್ಗೆ ಮೊದಲು ಹೇಳಬೇಕು. ಅದರಲ್ಲಿ ಮಾತು ಕಡಿಮೆ, ಚಿತ್ರ ಹೆಚ್ಚು. ಪ್ರತಿ ಹಂತದಲ್ಲೂ ತಿರುಪಿನ ಚಿತ್ರ ಅದರ ನಿಜ ಅಳತೆಯಲ್ಲೇ ಇದೆ. ಕೈಯಲ್ಲಿರುವ ತಿರುಪನ್ನು ಕಾಗದದ ಮೇಲಿಟ್ಟು ಹೋಲಿಸಿದರೆ ಸಾಕು. ಮಾಮೂನ ಚಿಕ್ಕ ಮಗ ಹತ್ತನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದವನು. ಈಗ ನಮ್ಮ ಕಾಲೇಜಿನಲ್ಲೇ ಕಲಾ ವಿಭಾಗದಲ್ಲಿದ್ದಾನೆ. ತರಗತಿಯಲ್ಲಿ ಅವನ ಧ್ವನಿ ಕೇಳಿದವರು ಕಡಿಮೆ. ಕನ್ನಡದಲ್ಲಿ ಉತ್ತರ ಹೇಳಬೇಕೋ ಇಂಗ್ಲಿಷಿನಲ್ಲೋ ಎಂದು ಯೋಚಿಸುವಷ್ಟರಲ್ಲಿ ಪ್ರಶ್ನೆ ಮುಂದಿನ ಬೆಂಚಿಗೆ ಹೋಗಿರುತ್ತದೆ. ಈ ಪುಸ್ತಕದ ಮುಂದೆ ನಾವು ಮೂವರು ಕೂತಾಗ ಮೊದಲು ಅರ್ಥ ಮಾಡಿಕೊಳ್ಳುತ್ತಿದ್ದವನು ಅವನೇ. ‘ಇದು ಉಲ್ಟಾ ಬರುತ್ತೆ ನೋಡು’ ಎಂದು ನಮ್ಮ ಕೈಯಿಂದ ಭಾಗ ಕಿತ್ತುಕೊಂಡು ತಿರುಗಿಸಿ ಇಡುತ್ತಿದ್ದ. ನಮ್ಮ ಕಾಲೇಜಿನಲ್ಲಿ ಅವನಂಥವರು ಎಷ್ಟು ಜನ ಇದ್ದಾರೆಂದು ಉಪನ್ಯಾಸಕರಿಗೆ ಗೊತ್ತೇ ಇದೆ. ರೆಡಿಮೇಡ್ ಕಾರಿನ ಜೊತೆ ಅವರಿಗೆ ಏನು ಕೆಲಸ? ರಿಮೋಟ್ ಹಿಡಿದವನ ಹಿಂದೆ ನಿಂತು ಚಪ್ಪಾಳೆ ಹೊಡೆಯುವುದಷ್ಟೇ.

ಜೋಡಿಸುವ ಕೆಲಸದಲ್ಲಿ ಏನಿದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಬರುವುದು ಗೇರ್ ಬಾಕ್ಸ್, ಅದರೊಳಗೆ ಡಿಫರೆನ್ಷಿಯಲ್. ಗಾಡಿ ತಿರುಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಹೋಗಬೇಕು, ಒಳಬದಿಯದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಚಕ್ರ ನೆಲ ಉಜ್ಜಿಕೊಂಡೇ ಹೋಗುತ್ತದೆ. ಅದಕ್ಕೆ ನಡುವೆ ಈ ಸಣ್ಣ ಹಲ್ಲುಗಳ ಗುಂಪು. ನಾವು ಕಾಲೇಜಿಗೆ ಬರುವ ಆಟೋದ ಹಿಂಚಕ್ರಗಳ ನಡುವೆಯೂ ಇದೇ ಇದೆ. ಮಾಮೂನದು ಆಟೋ ಗ್ಯಾರೇಜ್. ನಾವು ಊಟದ ಚಾಪೆಯ ಮೇಲೆ ಡಿಫರೆನ್ಷಿಯಲ್ ಜೋಡಿಸುತ್ತಿದ್ದಾಗ ಅವರು ಬಂದು ಕೂತರು, ಕನ್ನಡಕ ಹಾಕಿಕೊಂಡು ಬೆರಳಲ್ಲಿ ಒಂದು ಸುತ್ತು ತಿರುಗಿಸಿ ನೋಡಿದರು. ‘ಜ್ಯಾದಾ ಟೈಟ್ ಕರ್ ನಕ್ಕೋ’ ಎಂದು ಒಂದೇ ಮಾತು ಹೇಳಿದರು. ಜಾಸ್ತಿ ಬಿಗಿಯಬೇಡ ಎಂದು. ಪ್ಲಾಸ್ಟಿಕ್‌ಗೆ ಹೋಗುವ ತಿರುಪು ತಾನೇ ದಾರಿ ಕೊರೆದುಕೊಳ್ಳುತ್ತದೆ, ಅತಿಯಾಗಿ ಬಿಗಿದರೆ ಆ ದಾರಿ ಸವೆದು ತಿರುಪು ಸುಮ್ಮನೆ ಸುತ್ತುತ್ತದೆ. ಬಿಚ್ಚಿದ ತಿರುಪನ್ನು ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಬೇಕು. ಹಳೆಯ ದಾರಿಗೆ ‘ಟಿಕ್’ ಎಂದು ಕೂತ ಮೇಲೆ ಮುಂದಕ್ಕೆ. ಇದನ್ನೂ ಕಲಿಸಿದ್ದು ಮಾಮೂ.

ಮೋಟಾರಿನ ಚಿಕ್ಕ ಗೇರ್ ಅಂದರೆ ಪಿನಿಯನ್ ಮತ್ತು ಅದು ಓಡಿಸುವ ದೊಡ್ಡ ಗೇರ್ ನಡುವಿನ ಅಂತರ ಹೊಂದಿಸುವುದಕ್ಕೆ ಒಂದು ಹಳೆಯ ಉಪಾಯ ಇದೆ. ಎರಡರ ಹಲ್ಲುಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಒತ್ತಿ ಹಿಡಿದು ಮೋಟಾರನ್ನು ಬಿಗಿಯಬೇಕು. ಆಮೇಲೆ ಕಾಗದ ತೆಗೆದರೆ ಅದರ ದಪ್ಪದಷ್ಟೇ ಸಂದು ಉಳಿಯುತ್ತದೆ. ಸಂದು ಕಡಿಮೆಯಾದರೆ ಮೋಟಾರಿಗೆ ಭಾರ, ಹೆಚ್ಚಾದರೆ ಹಲ್ಲು ಮುರಿಯುತ್ತದೆ. ಬಿಡಿಸಿಟ್ಟ ನೋಟ್‌ಬುಕ್ಕಿನ ಹಾಳೆಯಿಂದ ಆಗುವ ಇಂಥ ಸೂಕ್ಷ್ಮ ಕೆಲಸ ನಮ್ಮ ಯಾವ ಪಾಠದಲ್ಲೂ ಇಲ್ಲ.

ನನಗೆ ಅತಿ ಇಷ್ಟವಾದದ್ದು ಶಾಕಪ್. ನಾಲ್ಕು ಪುಟ್ಟ ಶಾಕಪ್‌ಗಳು, ಪ್ರತಿಯೊಂದರಲ್ಲೂ ಸಿಲಿಕೋನ್ ಎಣ್ಣೆ ತುಂಬಬೇಕು. ಒಳಗಿನ ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳಿವೆ. ಚಕ್ರ ಮೇಲೆ ಕೆಳಗೆ ಆದಾಗ ಎಣ್ಣೆ ಆ ರಂಧ್ರಗಳಿಂದ ನುಗ್ಗಬೇಕು. ಆ ತಡೆಯೇ ಕುಪ್ಪಳಿಕೆಯನ್ನು ಅಡಗಿಸುವುದು. ಸ್ಪ್ರಿಂಗ್ ಗಾಡಿಯನ್ನು ಎತ್ತಿ ಹಿಡಿಯುತ್ತದೆ ಅಷ್ಟೆ, ಎಣ್ಣೆ ಇಲ್ಲದಿದ್ದರೆ ಗಾಡಿ ಚೆಂಡಿನ ಹಾಗೆ ಪುಟಿಯುತ್ತಲೇ ಇರುತ್ತದೆ. ಎಣ್ಣೆ ತುಂಬಿದ ಮೇಲೆ ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಎಳೆದು ಗುಳ್ಳೆಗಳನ್ನು ಹೊರಗೆ ತರಬೇಕು, ಆಮೇಲೆ ನೆಟ್ಟಗೆ ನಿಲ್ಲಿಸಿ ಕಾಯಬೇಕು. ಒಂದು ಗುಳ್ಳೆ ಉಳಿದರೂ ಒತ್ತಿದಾಗ ‘ಪಿಚಕ್’ ಎಂದು ಸದ್ದು ಬರುತ್ತದೆ. ಎಡ ಬಲದ ಶಾಕಪ್‌ಗಳನ್ನು ಒಟ್ಟಿಗೆ ಒತ್ತಿ ಬಿಟ್ಟರೆ ಎರಡೂ ಒಂದೇ ವೇಗದಲ್ಲಿ ವಾಪಸ್ ಬರಬೇಕು. ನಮ್ಮ ಮನೆಯಲ್ಲಿ ನಾಲ್ಕನ್ನೂ ಮುಗಿಸಲು ಅಸರ್‌ನಿಂದ ಇಶಾವರೆಗೆ ಹಿಡಿಯಿತು. ಅಷ್ಟು ಹೊತ್ತು ಮೂರು ಫೋನ್‌ಗಳು ಮೂಲೆಯಲ್ಲಿ ಬಿದ್ದಿದ್ದನ್ನು ನೋಡಿ ಅಮ್ಮಿ ‘ದಿನಾ ಒಂದು ಶಾಕಪ್ ಬಿಚ್ಚಿ’ ಎಂದರು.

ಜೋಡಿಸಿದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಗ್ಗಿಯನ್ನು ಮಣ್ಣಿನ ಮೇಲೆ ಓಡಿಸಿಲ್ಲ. ನಿಜವಾದ ಆಟ ಸೆಟ್ಟಿಂಗ್‌ನಲ್ಲಿದೆ. ನಮ್ಮ ಕಡೆ ಬೇಸಿಗೆಯ ಮೈದಾನ ಎಂದರೆ ಗಟ್ಟಿ ನೆಲದ ಮೇಲೆ ಹಿಟ್ಟಿನಂಥ ಧೂಳು. ಮಳೆ ಬಿದ್ದ ಮಾರನೇ ದಿನ ಅದೇ ನೆಲ ಮೆತ್ತಗೆ ಹಿಡಿತ ಕೊಡುತ್ತದೆ. ಒಂದೇ ಗಾಡಿ ಈ ಎರಡು ನೆಲದಲ್ಲಿ ಎರಡು ಗಾಡಿಗಳ ಹಾಗೆ ಓಡುತ್ತದೆ. ಧೂಳಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆಯುತ್ತದೆ. ಮೊದಲು ಟೈರು ನೋಡಬೇಕು, ಏಕೆಂದರೆ ಉಳಿದ ಯಾವ ಬದಲಾವಣೆಗಿಂತಲೂ ಟೈರಿನ ಮಾತು ದೊಡ್ಡದು. ಸಡಿಲ ಮಣ್ಣಿಗೆ ಉದ್ದ ಮುಳ್ಳಿನವು, ಗಟ್ಟಿ ನೆಲಕ್ಕೆ ಗಿಡ್ಡ, ಒತ್ತೊತ್ತಾದ ಮುಳ್ಳಿನವು. ಆಮೇಲೆ ಹಿಂದಿನ ಸ್ಪ್ರಿಂಗ್ ಮೆತ್ತಗೆ ಮಾಡಬಹುದು, ಜಾಗವಿದ್ದರೆ ಬ್ಯಾಟರಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಹಿಂಚಕ್ರದ ಮೇಲೆ ಭಾರ ಕೂರಿಸಬಹುದು. ಚಕ್ರಗಳ ಮೇಲ್ತುದಿ ಕೊಂಚ ಒಳಕ್ಕೆ ವಾಲಿರುವಂತೆ, ಒಂದೆರಡು ಡಿಗ್ರಿ, ಮೇಲಿನ ತೋಳನ್ನು ತಿರುಪಿ ಗಿಡ್ಡ ಮಾಡಬಹುದು. ಅದಕ್ಕೆ ಕ್ಯಾಂಬರ್ ಎನ್ನುತ್ತಾರೆ. ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲಿದಾಗ ಟೈರು ಆಗ ನೆಲಕ್ಕೆ ಸಪಾಟಾಗಿ ಕೂರುತ್ತದೆ. ಸೆಕೆ ಹೆಚ್ಚಿದಾಗ ಶಾಕಪ್ ಎಣ್ಣೆ ತೆಳುವಾಗುತ್ತದೆ, ಹಾಗಾಗಿ ಬೇಸಿಗೆಗೆ ಒಂದು ನಂಬರ್ ದಪ್ಪ ಎಣ್ಣೆ. ದಿಬ್ಬದಿಂದ ಹಾರಿದಾಗ ಗಾಳಿಯಲ್ಲೇ ಆಕ್ಸಿಲರೇಟರ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಒತ್ತಿದರೆ ಮೂತಿ ಇಳಿಯುತ್ತದೆ. ಇದನ್ನು ನೋಡಿದ ದಿನ ನನಗೆ ಭೌತಶಾಸ್ತ್ರ ತೆಗೆದುಕೊಳ್ಳಬೇಕಿತ್ತು ಅನ್ನಿಸಿತ್ತು. ಮರುದಿನ ಅಕೌಂಟೆನ್ಸಿ ಟೆಸ್ಟ್ ಇತ್ತು, ಮರೆತೆ.

ಈ ಸೆಟ್ಟಿಂಗ್ ಕೆಲಸಕ್ಕೆ ಒಂದೇ ಕಾನೂನು. ಒಂದು ಸಲಕ್ಕೆ ಒಂದೇ ಬದಲಾವಣೆ, ಓಡಿಸಿ ನೋಡು, ಬರೆದಿಡು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಹೇಳಲು ಸಾಧ್ಯವಿಲ್ಲ. ನಮ್ಮ ಬರೆದಿಡುವ ಪುಸ್ತಕ ನನ್ನ ಹತ್ತಿರ ಇದೆ, ಏಕೆಂದರೆ ಪ್ರತಿ ನಮೂದಿಗೂ ದಿನಾಂಕ, ಕಾರಣ, ಪರಿಣಾಮ ಬರೆಯುವ ಅಭ್ಯಾಸ ಇರುವುದು ಕಾಮರ್ಸ್‌ನವನಿಗೆ. ರೋಜುವಹಿ ಎಂದರೆ ಅದೇ ತಾನೇ? ಗೇರ್ ಅನುಪಾತವೂ ನಮಗೆ ಹೊಸದೇನಲ್ಲ. ದೊಡ್ಡ ಗೇರ್‌ಗೆ 70 ಹಲ್ಲು, ಪಿನಿಯನ್‌ಗೆ 17 ಎಂದಿಟ್ಟುಕೊಳ್ಳಿ. ಅನುಪಾತ 4.12. ಪಿನಿಯನ್ 19 ಹಲ್ಲಿನದು ಹಾಕಿದರೆ 3.68. ಮೋಟಾರಿನ ಅಷ್ಟೇ ಸುತ್ತಿಗೆ ಚಕ್ರ ಸುಮಾರು ಶೇ. 12ರಷ್ಟು ಹೆಚ್ಚು ಸುತ್ತುತ್ತದೆ. ಲಾಭ ಕಂಡಿತು. ವೆಚ್ಚ ಎಲ್ಲಿದೆ ಎಂದರೆ ಮೋಟಾರಿನ ಬಿಸಿಯಲ್ಲಿ, ಬೇಗ ಖಾಲಿಯಾಗುವ ಬ್ಯಾಟರಿಯಲ್ಲಿ.

ಈಗ ದುಡ್ಡಿನ ಮಾತು. ಕಿಟ್ ದುಬಾರಿ ಎಂದು ಸಮಿತಿಯಲ್ಲಿ ಹೇಳಿದರಂತೆ, ಅದು ಸುಳ್ಳಲ್ಲ. ರೇಡಿಯೊ, ಸ್ಟೀರಿಂಗ್ ತಿರುಗಿಸುವ ಸರ್ವೊ, ಬ್ಯಾಟರಿ, ಚಾರ್ಜರ್ ಬೇರೆಯಾಗಿ ಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಇವೆಲ್ಲಕ್ಕೆ ಕಿಟ್‌ಗಿಂತ ಸ್ವಲ್ಪವೇ ಕಡಿಮೆ ಹಣ ಹೋಗಿದೆ. ಆದರೆ ಐದು ಅಗ್ಗದ ರೆಡಿಮೇಡ್ ಕಾರುಗಳ ಬದಲು ಎರಡು ಕಿಟ್ ತನ್ನಿ ಎಂಬುದು ನನ್ನ ವಾದ. ಪೇಟೆಯಲ್ಲಿ ಸಿಗುವ ಅಗ್ಗದ ಕಾರಿನ ಗೇರ್ ಒಂದು ಮುರಿದರೆ ಅದರ ಜೀವನ ಅಲ್ಲಿಗೆ ಮುಗಿಯಿತು, ಬಿಡಿಭಾಗ ಸಿಗುವುದಿಲ್ಲ. ಸವಕಳಿ ಪಾಠ ಓದಿದವರು ಇದನ್ನು ಗಮನಿಸಬೇಕು. ಟಮಿಯಾದ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಬಗ್ಗಿಗಳು ಮೊದಲು ಬಂದದ್ದು 1984ರಲ್ಲಿ. ಆ ಎರಡೂ ಕಿಟ್‌ಗಳನ್ನು ಕಂಪನಿ ಮತ್ತೆ ಮಾರುಕಟ್ಟೆಗೆ ತಂದಿದೆ, ನಮ್ಮ ಅಬ್ಬಾಂದಿರ ಕಾಲದ ವಿನ್ಯಾಸವನ್ನು ಇಂದೂ ಕೊಂಡು ಜೋಡಿಸಬಹುದು. ಅದೇ 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿ ಆರ್‌ಸಿ10 ಎಂಬ ಅಲ್ಯುಮಿನಿಯಂ ಚಾಸಿಯ ಬಗ್ಗಿ ತಂದಿತು, ಮರುವರ್ಷದ ವಿಶ್ವ ಚಾಂಪಿಯನ್‌ಶಿಪ್‌ನ ಎರಡು ಚಕ್ರ ಚಾಲನೆಯ ವಿಭಾಗದಲ್ಲಿ ಅದೇ ಗೆದ್ದಿತು. ಅದೂ ಜನ ಮನೆಯಲ್ಲಿ ಕೂತು ಜೋಡಿಸಿದ ಕಿಟ್ಟೇ. ಒಳ್ಳೆಯ ರೆಡಿಮೇಡ್ ಕಾರುಗಳೂ ಇವೆ, ಅವುಗಳಿಗೂ ಬಿಡಿಭಾಗ ಸಿಗುತ್ತದೆ, ನಿಜ. ಆದರೆ ಅವುಗಳ ಬೆಲೆ ನೋಡಿದರೆ ಕಿಟ್ ದುಬಾರಿ ಎಂಬ ಮಾತು ನಿಲ್ಲುವುದಿಲ್ಲ.

ಬ್ಯಾಟರಿಯ ಭಯ ಮಾತ್ರ ನ್ಯಾಯವಾದದ್ದು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ 4.2 ವೋಲ್ಟ್ ಮೀರಬಾರದು, 3 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು, ಉಬ್ಬಿದ್ದನ್ನು ಬಳಸಲೇಬಾರದು, ಚಾರ್ಜಿಗಿಟ್ಟು ಊಟಕ್ಕೆ ಹೋಗಬಾರದು. ಕಾಲೇಜಿಗೆ 7.2 ವೋಲ್ಟ್‌ನ ನಿಕಲ್ ಬ್ಯಾಟರಿ ಸಾಕು. ಓಟ ಸ್ವಲ್ಪ ನಿಧಾನ, ತಲೆನೋವು ಬಹಳ ಕಡಿಮೆ. ಚಾರ್ಜರ್ ಸಿಬ್ಬಂದಿ ಕೋಣೆಯಲ್ಲೇ ಇರಲಿ.

ಕೊನೆಯದಾಗಿ, ಯಾರು ಸೇರಬೇಕು ಎಂಬ ಪ್ರಶ್ನೆ. ನಮ್ಮಲ್ಲಿ ಎಷ್ಟೋ ಹುಡುಗರು ಕಾಲೇಜು ಬಿಟ್ಟ ಮೇಲೆ ಗ್ಯಾರೇಜಿಗೆ, ವೆಲ್ಡಿಂಗ್ ಅಂಗಡಿಗೆ, ಪಂಕ್ಚರ್ ಅಂಗಡಿಗೆ ಹೋಗುತ್ತಾರೆ. ಪಾನಾದ ನಂಬರ್ ನೋಡದೆ ಕೈಯಲ್ಲಿ ಮುಟ್ಟಿಯೇ ಹೇಳುತ್ತಾರೆ. ಆದರೆ ಕಾಲೇಜಿನಲ್ಲಿ ಉಗುರಿನ ಗ್ರೀಸ್ ಕಾಣಬಾರದೆಂದು ಕೈ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ದಾಖಲಾತಿ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ಬಿಸಿನೆಸ್’ ಎಂದು ಬರೆಯುತ್ತಾರೆ. ಅದೇ ಗೇರು, ಅದೇ ಶಾಕಪ್ಪು ಆಟಿಕೆಯ ಅಳತೆಯಲ್ಲಿ ಪ್ರದರ್ಶನದ ಮೇಜಿನ ಮೇಲೆ ಬಂದರೆ ನಾವು ವಿಜ್ಞಾನ ಎನ್ನುತ್ತೇವೆ, ರಸ್ತೆ ಬದಿಯ ಶೆಡ್‌ನಲ್ಲಿದ್ದರೆ ಮೇಸ್ತ್ರಿ ಕೆಲಸ ಎನ್ನುತ್ತೇವೆ. ಗ್ಯಾರೇಜಿನಲ್ಲಿ ಕಲಿಸುವವರನ್ನು ಉಸ್ತಾದ್ ಎಂದು ಕರೆಯುತ್ತಾರೆ. ಸಂಘದ ಮೇಜಿನ ಹತ್ತಿರ ಆ ಹುಡುಗರೇ ಉಸ್ತಾದ್ ಆಗಲಿ, ಶೇ. 95 ತೆಗೆದವರು ಅವರ ಪಕ್ಕದಲ್ಲಿ ಕೂತು ‘ಇದನ್ನು ಎಷ್ಟು ಬಿಗಿಯಲಿ?’ ಎಂದು ಕೇಳಲಿ. ಅದನ್ನು ನೋಡಲು ನನಗೆ ಬಹಳ ಆಸೆ ಇದೆ.

ಹುಡುಗಿಯರ ವಿಷಯವನ್ನೂ ಹೇಳಲೇಬೇಕು. ಸಂಘದ ಸಮಯ ಸಂಜೆ ನಾಲ್ಕರ ನಂತರ ಎಂದರೆ ಅವರಲ್ಲಿ ಹೆಚ್ಚಿನವರಿಗೆ ಬಸ್ಸು ತಪ್ಪುತ್ತದೆ, ಹೆಸರೇ ಕೊಡುವುದಿಲ್ಲ. ಶನಿವಾರದ ಕೊನೆಯ ಅವಧಿಯನ್ನು ಬಿಟ್ಟುಕೊಟ್ಟರೆ ಯಾರ ಬಸ್ಸೂ ತಪ್ಪುವುದಿಲ್ಲ.

ನಾನು ಕೇಳುತ್ತಿರುವುದು ಎರಡು ಕಿಟ್, ಬೀಗವಿರುವ ಒಂದು ಕಪಾಟು, ತಿರುಪು ಉರುಳಿ ಹೋಗದಂತೆ ಅಂಚಿರುವ ಎರಡು ತಟ್ಟೆ, ಜಪಾನಿ ತಿರುಪುಗಳ ತಲೆಗೆ ಸರಿಯಾಗಿ ಕೂರುವ ಎರಡು ಸ್ಕ್ರೂಡ್ರೈವರ್. ಮಾಮೂಲಿ ಸ್ಕ್ರೂಡ್ರೈವರ್ ಜಾರಿ ತಿರುಪಿನ ತಲೆ ಕೆಡಿಸುತ್ತದೆ. ಖರ್ಚಿನ ಲೆಕ್ಕ ಬರೆಯಲು ನಾನು ತಯಾರಿದ್ದೇನೆ, ಪ್ರತಿ ತಿಂಗಳು ಇದೇ ಪತ್ರಿಕೆಯಲ್ಲಿ ಹಾಕೋಣ. ಹೆಸರು ಕೊಡುವ ಹಾಳೆ ಈಗಲೂ ಗ್ರಂಥಾಲಯದ ಕೌಂಟರ್ ಮೇಲಿದೆ. ಅದರಲ್ಲಿ ‘ವಿಭಾಗ’ ಎಂಬ ಕಾಲಂ ಇದೆ, ಅದರ ಕೆಳಗೆ ಮೊದಲೇ ‘ವಿಜ್ಞಾನ’ ಎಂದು ಅಚ್ಚು ಹಾಕಲಾಗಿದೆ. ಈ ಶನಿವಾರದ ಸಮಿತಿ ಸಭೆಗೆ ಮುಂಚೆ ಆ ಹಾಳೆಯನ್ನು ಬದಲಾಯಿಸಬೇಕೆಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ.